ಮೀನಿನ ಹಿಂದಿನ ಕನ್ನಡಿ

ಮೇಸ್ತ್ರಿಯ ಬೆಳಗು ಹಾಜರಿ ತೆಗೆದುಕೊಳ್ಳುವುದರಿಂದ ಶುರುವಾಗುತ್ತಿತ್ತು. ಹಲ್ಲುಜ್ಜುವ ಮೊದಲೇ, ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ, ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನು ಎಣಿಸುತ್ತಿದ್ದ. ಎಣಿಸುವುದೇನು ಸುಲಭವಾಗಿರಲಿಲ್ಲ. ಹೆಬ್ಬೆರಳುದ್ದದ, ತಿಳಿಹಸಿರು ಮೈಯ, ಬೆಳಕು ಬಿದ್ದ ಕಡೆ ನೀಲಿಗೆ ತಿರುಗುವ ಸಮುದ್ರದ ಮೀನುಗಳು ಅವು. ಹಿಂಡು ಬಿಟ್ಟು ಕದಲುವ ಜಾತಿಯಲ್ಲ. ಒಂದು ತಿರುಗಿತೆಂದರೆ ಎಲ್ಲವೂ ತಿರುಗಬೇಕು, ಒಂದು ಹವಳದ ಕೊಂಬೆಯೊಳಗೆ ನುಗ್ಗಿತೆಂದರೆ ಎಲ್ಲವೂ ನುಗ್ಗಬೇಕು. ಎಣಿಕೆ ನಡುವೆ ತಪ್ಪಿಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಆ ದಿನ ಎಷ್ಟು ಸಲ ಎಣಿಸಿದರೂ ಒಂದು ಕಡಿಮೆಯೇ ಬಂತು.

ಹುಡುಕಿದ. ಹವಳದ ಕೊಂಬೆಗಳ ನಡುವೆ ಇರಲಿಲ್ಲ, ಕಲ್ಲಿನ ಸಂದಿಯಲ್ಲೂ ಇರಲಿಲ್ಲ. ಕಡೆಗೆ ಮೂಲೆಯಲ್ಲಿ, ನೀರಿಗೆ ಅಲೆ ಎಬ್ಬಿಸುವ ಮೋಟರಿನ ಜಾಲರಿಗೆ ಅಂಟಿಕೊಂಡಿದ್ದು ಕಾಣಿಸಿತು. ಬಾಲವೆಲ್ಲ ಹರಿದುಹೋಗಿತ್ತು. ಬಲೆಯಲ್ಲಿ ಎತ್ತಿ, ಹಳೆ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡ. ಬೇಜಾರಾಯಿತೇ ಎಂದು ಯಾರಾದರೂ ಕೇಳಿದ್ದರೆ ಅವನು ಯೋಚಿಸಿ ಉತ್ತರ ಹೇಳಬೇಕಾಗುತ್ತಿತ್ತು. ಯೋಚಿಸಿದರೂ ಉತ್ತರ ಸಿಗುತ್ತಿರಲಿಲ್ಲ ಅನ್ನಿ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿ ಕಳಿಸಿದ ಮೇಲೆ, ತುಟಿ ಇದ್ದಲ್ಲೇ ಇದೆಯೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಮೇಸ್ತ್ರಿಯ ಒಳಗೆಲ್ಲ ಹಾಗೇ ಆಗಿತ್ತು. ಆಗಿ ಬಹಳ ಕಾಲವಾಗಿತ್ತು.

ಒಂದು ಯೋಚನೆ ಮಾತ್ರ ತಲೆಯೊಳಗೆ ಮೆಲ್ಲಗೆ ಕೊರೆಯುತ್ತಿತ್ತು. ಭಾನುವಾರ ಬರುತ್ತಿದೆ. ಸಂಜೆ ಹೆಂಡತಿ ಫೋನು ಮಾಡುತ್ತಾಳೆ. ಮೀನು ತೋರಿಸಿ ಎನ್ನುತ್ತಾಳೆ.

ಅವನು ಗಾಜಿನ ಮೇಸ್ತ್ರಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈರಿನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಅವನ ಕಾರ್ಖಾನೆ. ಕಾರ್ಖಾನೆ ಎಂಬುದು ದೊಡ್ಡ ಮಾತು. ಕಂಬಳಿ ಹೊದಿಸಿದ ಒಂದು ಉದ್ದನೆಯ ಮೇಜು, ಗೋಡೆಗೊರಗಿಸಿದ ಗಾಜಿನ ಹಲಗೆಗಳು, ಅಂಚು ಉಜ್ಜುವ ಕಲ್ಲು, ಅಷ್ಟೇ. ಕೊಯ್ಯುವ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೇ ಎಳೆತಕ್ಕೆ ಗೆರೆ ಎಳೆಯಬೇಕು. ಸಿರ್ರೆನ್ನುವ ಸದ್ದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬರಬೇಕು. ನಡುವೆ ಕೈ ತಡವರಿಸಿತೋ, ಗಾಜು ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ. ಮೇಸ್ತ್ರಿಯ ಕೈ ತಡವರಿಸಿದ್ದನ್ನು ಕಂಡವರಿಲ್ಲ.

ಕನ್ನಡಿ ಕೆಲಸ ಮಾಡುವವರಿಗೆ ಒಂದು ವಿಚಿತ್ರ ಅಭ್ಯಾಸ ಅಂಟಿಕೊಳ್ಳುತ್ತದೆ. ಕನ್ನಡಿಯಲ್ಲಿ ಅವರಿಗೆ ತಮ್ಮ ಮುಖ ಕಾಣುವುದಿಲ್ಲ. ಅವರಿಗೆ ಕಾಣುವುದು ಗೀರು, ಗುಳ್ಳೆ, ಅಂಚಿನ ಚಕ್ಕೆ, ಬೆನ್ನ ಬಣ್ಣ ಎದ್ದು ಮೂಡಿದ ಕಪ್ಪು ಚುಕ್ಕೆ. ನಡುವೆ ತಾವೇ ನಿಂತಿದ್ದರೂ ಅದು ಲೆಕ್ಕಕ್ಕಿಲ್ಲ. ಆಳೆತ್ತರದ ಕನ್ನಡಿಗಳನ್ನು ದಿನವಿಡೀ ಹೊತ್ತು, ನಿಲ್ಲಿಸಿ, ಒರೆಸಿ ಬರುವ ಮೇಸ್ತ್ರಿ ಕೆನ್ನೆಗೆ ಬಣ್ಣ ಮೆತ್ತಿಕೊಂಡೇ ಮನೆಗೆ ಬರುತ್ತಿದ್ದ. "ರೀ, ಬೆಳಗಿಂದ ಕನ್ನಡಿ ಮುಂದೆ ನಿಂತು ಬಂದೋರು ನೀವೇನಾ?" ಎಂದು ಹೆಂಡತಿ ನಗುತ್ತಿದ್ದಳು. ಅವಳು ನಕ್ಕರೆ ಒಳಗಿಂದ ಅಕ್ಕನೂ ಸೇರಿಕೊಳ್ಳುತ್ತಿದ್ದಳು.

ಅಕ್ಕ ಎಂದರೆ ಮೇಸ್ತ್ರಿಯ ಒಡಹುಟ್ಟಿದ ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ, ಬೆನ್ನಿಗೆ ಗುದ್ದಿ, ಓದಿಸಲು ಹೋಗಿ ಸೋತು, ಕಸುಬಿಗೆ ಹಚ್ಚಿದವಳು. ತಾನು ಮದುವೆ ಬೇಡವೆಂದು ಕೂತವಳು ತಮ್ಮನ ಮದುವೆಯನ್ನು ತಾನೇ ನಿಂತು ಮಾಡಿಸಿದಳು, ಆಮೇಲೂ ಜೊತೆಯಲ್ಲೇ ಉಳಿದಳು. ಇಂಥ ಮನೆಗಳಲ್ಲಿ ಸೊಸೆಗೂ ನಾದಿನಿಗೂ ಪಾತ್ರೆಗೊಂದು ಜಗಳ ಇರಬೇಕು. ಇಲ್ಲಿ ಎಲ್ಲ ಉಲ್ಟಾ. ಇಬ್ಬರೂ ಒಂದಾಗಿ ಮೇಸ್ತ್ರಿಯನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಹೆಂಡತಿಯೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಹೆಂಡತಿಯ ಕೆಲಸ ಆಸ್ಪತ್ರೆಯಲ್ಲಿ, ಎಕ್ಸ್‌ರೇ ತೆಗೆಯುವುದು. ಅಕ್ಕನಿಗೆ ಕೆಮ್ಮು ಬಿಡದೇ ಹೋದಾಗ ಅವಳೇ ಕರೆದುಕೊಂಡು ಹೋಗಿ ಎದೆಯ ಚಿತ್ರ ತೆಗೆದಳು. ಡಾಕ್ಟರಿಗಿಂತ ಮೊದಲು ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದವಳೂ ಅವಳೇ. ಆಮೇಲಿನದು ಬೇಗ ಬೇಗ ಆಯಿತು.

ಅಕ್ಕ ಹೋದ ದಿನ ಮೇಸ್ತ್ರಿ ಬಂದವರಿಗೆಲ್ಲ ಕುರ್ಚಿ ಹಾಕಿಸಿದ, ನೀರು ಕೊಡಿಸಿದ, ಯಾರು ಯಾವ ಗಾಡಿಯಲ್ಲಿ ಹೋಗಬೇಕೆಂದು ನಿಂತು ಹೇಳಿದ. ವಾರ ಕಳೆಯುವ ಮೊದಲೇ ಅಂಗಡಿ ಬಾಗಿಲು ತೆರೆದ. ಗಟ್ಟಿ ಮನುಷ್ಯ ಎಂದರು ಜನ. ಜನಕ್ಕೇನು, ಮುಚ್ಚಿದ ಬಾಗಿಲು ಕಂಡರೆ ಗಟ್ಟಿ ಬಾಗಿಲು ಎನ್ನುತ್ತಾರೆ. ಆಮೇಲೆ ಅಕ್ಕನ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ಹೆಂಡತಿ ಆ ಮಾತೆತ್ತಿದರೆ ಸಾಕು, ಮೀನಿಗೆ ಊಟ ಹಾಕುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಆ ಮೀನುಗಳಷ್ಟು ಹೊಟ್ಟೆ ತುಂಬಿದ ಮೀನು ಆ ದಿನಗಳಲ್ಲಿ ಯಾವ ಸಮುದ್ರದಲ್ಲೂ ಇದ್ದಿರಲಾರದು.

ತೊಟ್ಟಿ ಹೆಂಡತಿಯದು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಂಥದೊಂದನ್ನು ನೋಡಿ, "ನಮ್ಮನೇಲೂ ಇದ್ದಿದ್ರೆ" ಎಂದು ಒಮ್ಮೆ ಅಂದಿದ್ದಳು. ಮೇಸ್ತ್ರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ; ದಪ್ಪ ಗಾಜು ಕೊಯ್ದು ತಾನೇ ಅಂಟಿಸಿ, ಸೋರುತ್ತದೋ ಎಂದು ವಾರಗಟ್ಟಲೆ ನೀರು ನಿಲ್ಲಿಸಿ ನೋಡಿ, ಒಂದು ದಿನ ಮನೆಗೆ ತಂದಿಳಿಸಿದ. ಅವನು ಪ್ರೀತಿ ತೋರಿಸುತ್ತಿದ್ದದ್ದೇ ಹಾಗೆ, ಬಾಯಿಗೆ ಕೆಲಸ ಕೊಡದೆ. ಅಕ್ಕ ಇದ್ದಷ್ಟು ದಿನ ಅದು ನಡೆದುಕೊಂಡು ಹೋಯಿತು, ಏಕೆಂದರೆ ಮನೆಯಲ್ಲಿ ಮಾತಾಡಲು ಅಕ್ಕ ಇದ್ದಳು.

ಅಕ್ಕ ಹೋಗಿ ವರ್ಷ ದಾಟಿದ ಮೇಲೆ ಹೆಂಡತಿಗೆ ಬೇರೆ ಊರಿನ ಆಸ್ಪತ್ರೆಗೆ ತಾತ್ಕಾಲಿಕ ವರ್ಗವಾಯಿತು. ಆಯಿತು ಎನ್ನುವುದಕ್ಕಿಂತ ಅವಳೇ ಕೇಳಿ ಮಾಡಿಸಿಕೊಂಡಳು. ಹೊರಡುವ ದಿನ ಪೆಟ್ಟಿಗೆ ಬಾಗಿಲಲ್ಲಿಟ್ಟು ಹೇಳಿದಳು, "ಅಕ್ಕ ನಿಮ್ಮೊಬ್ರಿಗೇ ಹೋಗಿಲ್ಲ ರೀ. ನನಗೂ ಹೋಗಿದಾಳೆ. ಒಬ್ಳೇ ಕೂತು ಎಷ್ಟು ಅಂತ ಅಳ್ಲಿ? ಗೋಡೆಗೆ ಹೇಳಿದ್ರೆ ಅದಾದ್ರೂ ತಿರುಗಿ ಸದ್ದು ಮಾಡುತ್ತೆ."

ಮೇಸ್ತ್ರಿ ಪೆಟ್ಟಿಗೆಯ ಪಟ್ಟಿ ಸರಿಯಾಗಿ ಬಿಗಿದುಕೊಟ್ಟ.

ಅವಳು ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. "ಭಾನುವಾರ ಫೋನ್ ಮಾಡ್ತೀನಿ. ನೀವು ಮಾತಾಡ್ಬೇಕಿಲ್ಲ, ಕಷ್ಟಪಡ್ಬೇಡಿ. ಮೀನು ತೋರ್ಸಿ, ಸಾಕು."

ಅಂದಿನಿಂದ ನಡೆದದ್ದು ಅದೇ. ಭಾನುವಾರ ಸಂಜೆ ಫೋನು ಬರುತ್ತಿತ್ತು, ಮೇಸ್ತ್ರಿ ಹಿಂಬದಿಯ ಕ್ಯಾಮೆರಾ ಹಾಕಿ ತೊಟ್ಟಿಗೆ ಹಿಡಿಯುತ್ತಿದ್ದ, ಅವಳು ಮೀನು ನೋಡುತ್ತಿದ್ದಳು, ಅವನು ಪರದೆಯ ಮೇಲೆ ಅವಳನ್ನು ನೋಡುತ್ತಿದ್ದ. ಊಟ ಆಯ್ತಾ, ಆಯ್ತು. ಹುಷಾರಾ, ಹುಷಾರು. ಇಡ್ಲಾ, ಇಡು. ಮೀನಿರುವವರೆಗೆ ಫೋನು, ಫೋನಿರುವವರೆಗೆ ಸಂಸಾರ ಎಂದು ಮೇಸ್ತ್ರಿಯ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಆ ಮೀನು ಈಗ ಒಂದೊಂದಾಗಿ ಕಡಿಮೆಯಾಗುತ್ತಿದ್ದವು.

ಊರ ಇನ್ನೊಂದು ತುದಿಯಲ್ಲಿ ಸಮುದ್ರದ ಮೀನು ಮಾರುವ ಅಂಗಡಿ. ನಲ್ಲಿ ನೀರಿಗೆ ಉಪ್ಪು ಬೆರೆಸಿ ಸಮುದ್ರ ಮಾಡಿಕೊಡುವುದು ಅಂಗಡಿಯವನ ಕಸುಬಾದ್ದರಿಂದ ಅವನಿಗೆ ಉಪ್ಪಣ್ಣ ಎಂದೇ ಹೆಸರು. ಮಾತಿನಲ್ಲಿ ಮಾತ್ರ ಉಪ್ಪಿಗಿಂತ ಖಾರ ಜಾಸ್ತಿ.

"ಮತ್ತೊಂದು ಹೋಯ್ತಾ?" ಎಂದ ಉಪ್ಪಣ್ಣ, ಮೇಸ್ತ್ರಿ ಬಾಯಿ ತೆರೆಯುವ ಮೊದಲೇ. "ಬಾಲ ಹರಿದಿತ್ತಾ? ಹಾಗಾದ್ರೆ ಕಾಯಿಲೆ ಅಲ್ಲ ಬಿಡಿ, ಮನೆಜಗಳ."

"ಹಿಂಡಲ್ಲಿ ಇರೋ ಮೀನು ಅಂದಿದ್ರಿ."

"ಇರ್ತವೆ, ಸಮುದ್ರದಲ್ಲಿ. ಅಲ್ಲಿ ಸಾವಿರಗಟ್ಲೆ. ಅಲ್ಲೂ ಕಚ್ಚಾಡ್ತವೆ, ಆದ್ರೆ ಏಟು ಅಷ್ಟು ಜನಕ್ಕೂ ಹಂಚಿಹೋಗುತ್ತೆ, ಯಾರಿಗೂ ತಾಗಲ್ಲ. ನಿಮ್ಮ ತೊಟ್ಟೀಲಿ ಇರೋದು ಒಂದು ಹಿಡಿ. ಮೇಲಿನೋನು ಕೆಳಗಿನೋನಿಗೆ ಕೊಡ್ತಾನೆ, ಅವನು ಅವನ ಕೆಳಗಿನೋನಿಗೆ. ಕಟ್ಟಕಡೆಯೋನು ಯಾರಿಗೆ ಕೊಡ್ಬೇಕು? ಮೂಲೆ ಹಿಡಿದು ಊಟ ಬಿಟ್ಟು ಸಾಯ್ತಾನೆ. ಅವನು ಹೋದ್ನಾ, ಅವನ ಮೇಲಿನೋನೇ ಈಗ ಕಟ್ಟಕಡೆಯೋನು."

"ಕೊನೆಗೆ?"

"ಕೊನೆಗೆ ಒಬ್ಬ ಉಳೀತಾನೆ. ಗೆದ್ದೆ ಅಂತ ಯಾರ ಹತ್ರ ಹೇಳ್ಕೊಳ್ಳೋದು ಗೊತ್ತಾಗ್ದೆ ಸುತ್ತಾಡ್ಕೊಂಡಿರ್ತಾನೆ."

ಮೇಲಿನವನು ಯಾರೆಂದು ಮೇಸ್ತ್ರಿಗೆ ಗೊತ್ತಿತ್ತು. ಎಲ್ಲಕ್ಕಿಂತ ದಪ್ಪಗೆ, ಸದಾ ಮುಂದೆ ಮುಂದೆ ಈಜುವ ಒಂದು ಮೀನಿಗೆ ಹೆಂಡತಿ ದಫೇದಾರ ಎಂದು ಹೆಸರಿಟ್ಟಿದ್ದಳು. ಅದು ಕಾಲು ಕೆರೆದು ಜಗಳಕ್ಕೆ ಹೋಗುವಂಥದು, ಕಾಲಿಲ್ಲದಿದ್ದರೂ.

"ಬೇರೆ ತಂದು ಹಾಕಿದ್ರೆ?"

"ಅವನಿಗೆ ತಿಂಡಿ ತಂದು ಹಾಕಿದಂಗೆ ಆಗುತ್ತೆ. ಒಂದು ಕೆಲಸ ಮಾಡಿ. ತೊಟ್ಟಿ ಹಿಂದೆ ಒಂದು ಕನ್ನಡಿ ನಿಲ್ಸಿ. ಇನ್ಯಾವನೋ ಬಂದಿದಾನೆ ಅಂತ ಅವನ ಜೊತೆ ಗುದ್ದಾಡ್ತಾ ಕೂರ್ತಾನೆ, ಉಳಿದವು ಉಸಿರು ಬಿಟ್ಕೊಳ್ತವೆ. ನಿಮಗೆ ಕನ್ನಡಿಗೇನು ಬರವೇ?"

ಅದೇ ಸಂಜೆ ಮೇಸ್ತ್ರಿ ತೊಟ್ಟಿಯ ಬೆನ್ನಳತೆಗೆ ಸರಿಯಾಗಿ ಕನ್ನಡಿ ಕೊಯ್ದು, ಅಂಚು ಉಜ್ಜಿ, ಹಿಂಬದಿಗೆ ಅಂಟಿಸಿದ್ದ ಕಪ್ಪು ಹಾಳೆ ಕಿತ್ತು, ಕನ್ನಡಿಯನ್ನು ಗಾಜಿಗೆ ಒತ್ತಿ ನಿಲ್ಲಿಸಿದ. ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ. ತೃಪ್ತಿಯಾಯಿತು, ಅಥವಾ ತೃಪ್ತಿಯಾಗಬೇಕಾದ ಕೆಲಸ ಅದು ಎಂದು ಗೊತ್ತಾಯಿತು. ದಫೇದಾರ ಬಂದು ಕನ್ನಡಿಯೊಳಗಿನ ದಫೇದಾರನನ್ನು ನೋಡಿ ರೆಕ್ಕೆ ಅಗಲಿಸಿದ. ಅವನೂ ಅಗಲಿಸಿದ. ಇವನು ನುಗ್ಗಿದ, ಅವನೂ ನುಗ್ಗಿದ. ಗಾಜಿಗೆ ಮೂತಿ ಬಡಿದರೂ ಬುದ್ಧಿ ಬರಲಿಲ್ಲ. ಮೂಲೆಯಲ್ಲಿ ಮುದುರಿದ್ದ ಮೀನುಗಳು ಎಷ್ಟೋ ದಿನದ ಮೇಲೆ ನಡುನೀರಿಗೆ ಬಂದು ಊಟ ಮಾಡಿದವು.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಮೇಸ್ತ್ರಿ ಕೋಣೆಯ ದೀಪ ಹಾಕಲಿಲ್ಲ; ತೊಟ್ಟಿಯ ನೀಲಿ ಬೆಳಕಿಗೆ ಮೀನಿನ ಬಣ್ಣ ಚೆನ್ನಾಗಿ ಏಳುತ್ತದೆ.

"ರೀ."

"ಹೂಂ."

"ತೋರ್ಸಿ."

ಹಿಡಿದ. ಆ ಕಡೆಯಿಂದ ಸದ್ದೇ ಇಲ್ಲ. ಸಿಗ್ನಲ್ ಹೋಯಿತೇನೋ ಎಂದುಕೊಂಡ. ಪರದೆಯ ಮೇಲೆ ಅವಳು ಇದ್ದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡು.

"ಏನ್ರೀ ಇದು," ಎಂದಳು ಕಡೆಗೆ. ದನಿ ಒಂಥರಾ ಇತ್ತು. "ಎಷ್ಟೊಂದು ಆಗಿದಾವೆ. ಹೊಸದು ತಂದ್ರಾ?"

ಕನ್ನಡಿ ಇಟ್ಟಿದೀನಿ ಕಣೇ, ಉಳಿದಿರೋದು ಅರ್ಧ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ದನಿಯಲ್ಲಿ ಏನೋ ಇತ್ತು. ಎಷ್ಟೋ ತಿಂಗಳಿಂದ ಇಲ್ಲದ್ದು ಅದು. ಅದನ್ನು ಸಂತೋಷ ಎಂದುಕೊಂಡ ಮೇಸ್ತ್ರಿ.

"ಹೂಂ," ಎಂದ.

"ಸ್ವಲ್ಪ ಹತ್ರ ಹಿಡೀರಿ. ಅಷ್ಟಲ್ಲ. ಸ್ವಲ್ಪ ಮೇಲೆ. ಹಾಂ, ಅಲ್ಲೇ. ಅಲ್ಲಾಡಿಸ್ಬೇಡಿ."

ಕೈ ನೋಯುವವರೆಗೆ ಹಿಡಿದುಕೊಂಡೇ ಇದ್ದ. ಇಡ್ಲಾ ಎಂದು ಅವಳು ಕೇಳಲೇ ಇಲ್ಲ.

ಆಮೇಲಿನ ಭಾನುವಾರಗಳು ಉದ್ದವಾದವು. ಅವಳು ಮೀನು ನೋಡುತ್ತಾ ಆಸ್ಪತ್ರೆಯ ಕಥೆ ಹೇಳುವಳು, ಜೊತೆ ಕೆಲಸದವಳ ಗೊರಕೆಯ ಕಥೆ ಹೇಳುವಳು. ನಡುನಡುವೆ, ಸುಮ್ಮನೆ ಹೊಳೆದವಳ ಹಾಗೆ, "ಕ್ಷೌರಕ್ಕೆ ಹೋಗಿ ಎಷ್ಟು ದಿನ ಆಯ್ತು?" ಎನ್ನುವಳು. ಇನ್ನೊಮ್ಮೆ, "ಅದೇ ಅಂಗಿ ಎಷ್ಟು ದಿನ ಹಾಕ್ಕೋತೀರಿ, ಬೀರುವಲ್ಲಿ ಇಸ್ತ್ರಿ ಮಾಡಿದ್ದು ಇದೆ" ಎಂದಳು. ಇವಳಿಗೆ ಹೇಗೆ ಗೊತ್ತು ಎಂದು ಮೇಸ್ತ್ರಿಗೆ ಆಶ್ಚರ್ಯವಾಗಬೇಕಿತ್ತು. ಮೈಯೊಳಗಿನ ಎಲುಬು ನೋಡುವವಳು, ಊರಾಚೆಯಿಂದ ಅಂಗಿ ನೋಡುವುದು ಯಾವ ಮಹಾ ಎಂದುಕೊಂಡು ಸುಮ್ಮನಾದ. ಬೆಪ್ಪ. ಹೇಳಿದರೆ ಬೈದಂತಾಗುತ್ತದೆ, ಆದರೆ ಬೇರೆ ಮಾತು ಸಿಗುವುದಿಲ್ಲ.

ಕನ್ನಡಿಯ ಮೋಸ ಬಹಳ ಕಾಲ ನಡೆಯಲಿಲ್ಲ, ಮೀನಿನ ಮಟ್ಟಿಗಂತೂ. ಹೊಡೆದರೆ ನೋವಾಗದ, ಓಡದ, ಬಾಲ ಹರಿಯದ ಶತ್ರುವಿನ ಮೇಲೆ ದಫೇದಾರನಿಗೆ ಬೇಸರ ಬಂತು. ಮತ್ತೆ ತನ್ನವರ ಕಡೆ ತಿರುಗಿದ. ಹಾಜರಿ ಇಳಿಯತೊಡಗಿತು. ಒಂದು ಇಳಿದಾಗೆಲ್ಲ ಮೇಸ್ತ್ರಿ ಪೇಪರಿನಲ್ಲಿ ಸುತ್ತಿ, ಕೈ ತೊಳೆದು, ಕನ್ನಡಿಯ ಬಗ್ಗೆ ಯೋಚಿಸುತ್ತಿದ್ದ. ಎಡಗಡೆಗೆ ಇನ್ನೊಂದು ಪಟ್ಟಿ ಕೊಯ್ದು ನಿಲ್ಲಿಸಿದ. ಸ್ವಲ್ಪ ಓರೆ ಮಾಡಿದರೆ ಮೂರು ಮೀನು ಒಂದು ಮೆರವಣಿಗೆಯಷ್ಟು ಕಾಣುತ್ತಿದ್ದವು. ಇದನ್ನು ಎಷ್ಟು ಜಾಣತನದಿಂದ ಮಾಡಿದನೆಂದರೆ, ಅಂಥ ಕೆಲಸವನ್ನು ಯಾರಾದರೂ ಗಿರಾಕಿ ಹೇಳಿ ಮಾಡಿಸಿಕೊಂಡಿದ್ದರೆ ಊರೆಲ್ಲ ಹೊಗಳುತ್ತಿತ್ತು.

ಒಂದು ಭಾನುವಾರ ಅವಳು ಮೀನಿನ ಮಾತೇ ಎತ್ತಲಿಲ್ಲ.

"ಇಲ್ಲಿ ಕಾಯಂ ಮಾಡ್ತಾರಂತೆ," ಎಂದಳು. "ಒಪ್ಪಿ ಬರೆದುಕೊಟ್ರೆ ಮತ್ತೆ ಆ ಊರಿಗೆ ವರ್ಗ ಇಲ್ಲ. ಈ ವಾರ ಹೇಳ್ಬೇಕು." ತಡೆದು ಕೇಳಿದಳು, "ನಾನೇನು ಮಾಡ್ಲಿ ರೀ?"

ಬಾ ಎನ್ನುವುದಕ್ಕೆ ಒಂದೇ ಅಕ್ಷರ. ತುಟಿಗೆ ತುಟಿ ತಾಗಿಸಿ ಬಿಟ್ಟರೆ ಸಾಕು. ಮೇಸ್ತ್ರಿ ಆ ಅಕ್ಷರವನ್ನು ಒಳಗೆ ಹುಡುಕಿದ, ಅಲ್ಲೇ ಇತ್ತು. ಆದರೆ ಅದನ್ನು ಎತ್ತಲು ಹೋದರೆ ಅದರ ಕೆಳಗೆ ಇನ್ನೇನೋ ಇದೆ, ಬಹಳ ಭಾರದ್ದು, ಇದನ್ನು ಎತ್ತಿದರೆ ಅದೂ ಎದ್ದುಬರುತ್ತದೆ ಎನಿಸಿತು. ಕೈ ಬಿಟ್ಟ.

"ಮೀನು ಚೆನ್ನಾಗಿವೆ," ಎಂದ.

ಅವಳು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದಳು.

"ಕಾಣ್ತಿದೆ," ಎಂದು ಇಟ್ಟುಬಿಟ್ಟಳು.

ಆ ಬುಧವಾರ ಒಂದು ಹೊಸ ವ್ಯಾಯಾಮ ಶಾಲೆ ತುಂಬ ಕನ್ನಡಿ ಹಾಕುವ ಕೆಲಸವಿತ್ತು. ಮೇಸ್ತ್ರಿಯೂ ಅಂಗಡಿಯ ಜೊತೆಗಾರನೂ ಸೇರಿ ಗೋಡೆಯಗಲದ ಹಲಗೆ ಎತ್ತಿ ನಿಲ್ಲಿಸುತ್ತಿದ್ದರು. ಶಾಲೆಯ ಮಾಲೀಕ ಒಮ್ಮೆಗೇ ಕೂಗಿಕೊಂಡ, "ಅಯ್ಯೋ, ರಕ್ತ!" ಮೇಸ್ತ್ರಿ ತಿರುಗಿ ನೋಡಿ ಯಾರಿಗೆ ಏನಾಯಿತೆಂದು ಹುಡುಕಿದ. ಅವನದೇ ಹೆಬ್ಬೆರಳು. ಅಂಚಿಗೆ ಸಿಕ್ಕಿ ಆಳವಾಗಿ ಸೀಳಿತ್ತು, ಹೊಸ ಕನ್ನಡಿಯ ಮೇಲೆಲ್ಲ ಕೆಂಪು ಇಳಿಯುತ್ತಿತ್ತು. "ನೋವಾಗ್ತಿಲ್ವೇನಯ್ಯ ನಿಂಗೆ?" ಎಂದು ಜೊತೆಗಾರ ಗದರಿದ. ಮೇಸ್ತ್ರಿ ಬಟ್ಟೆ ಸುತ್ತಿಕೊಂಡು, ಮೊದಲು ಕನ್ನಡಿ ಒರೆಸಿದ.

ಶನಿವಾರ ಬೆಳಿಗ್ಗೆ ಹಾಜರಿಗೆ ದಫೇದಾರ ಒಬ್ಬನೇ ಬಂದ. ಕೊನೆಯ ಮೀನು ಹವಳದ ಬುಡದಲ್ಲಿ ಬಿದ್ದಿತ್ತು. ಅದನ್ನು ತೆಗೆದ ಮೇಲೆ ದಫೇದಾರ ಸ್ವಲ್ಪ ಹೊತ್ತು ತೊಟ್ಟಿಯ ಉದ್ದಕ್ಕೂ ಓಡಾಡಿದ, ಯಾರನ್ನೋ ಅಟ್ಟಲು ಬಂದವನ ಹಾಗೆ. ಆಮೇಲೆ ಕನ್ನಡಿಯ ಮುಂದೆ ಹೋಗಿ ನಿಂತ. ಈ ಸಲ ರೆಕ್ಕೆ ಅಗಲಿಸಲಿಲ್ಲ. ಕನ್ನಡಿಯೊಳಗಿನ ಮೀನಿಗೆ ಮೈ ಸಮ ಮಾಡಿಕೊಂಡು, ಅದು ತಿರುಗಿದಾಗ ತಿರುಗಿ, ಅದರ ಪಕ್ಕದಲ್ಲೇ ಈಜತೊಡಗಿದ.

ಮೇಸ್ತ್ರಿ ಉಪ್ಪಣ್ಣನಲ್ಲಿಗೆ ಹೋದ. "ಇವತ್ತೇ ಒಂದಷ್ಟು ಬೇಕು."

"ಕೊಡಲ್ಲ," ಎಂದ ಉಪ್ಪಣ್ಣ. "ಕೊಟ್ರೆ ನನ್ನ ಮೀನು ಸಾಯುತ್ತೆ, ನಿಮ್ಮ ಮೇಲಿನೋನ ಕೈ ಇನ್ನೂ ಪಳಗುತ್ತೆ. ಯಾಕೆ ಅಷ್ಟು ಅವಸರ? ಯಾರಾದ್ರೂ ನೋಡೋಕೆ ಬರ್ತಾರಾ?"

"ಹೆಂಡತಿ ಫೋನ್ ಮಾಡ್ತಾಳೆ."

ಉಪ್ಪಣ್ಣನ ಖಾರ ಇಳಿಯಿತು. "ಮಾಡ್ಲಿ ಮೇಸ್ತ್ರಿ. ಮಾತಾಡಿ," ಎಂದ.

ಭಾನುವಾರ ಮಧ್ಯಾಹ್ನವೆಲ್ಲ ಮೇಸ್ತ್ರಿ ಬಟ್ಟೆ ಸುತ್ತಿದ ಬೆರಳಿನಲ್ಲೇ ಕನ್ನಡಿ ಹೊಂದಿಸಿದ. ಹಿಂದೊಂದು, ಎಡಕ್ಕೊಂದು, ಬಲಕ್ಕೊಂದು. ದಫೇದಾರನ ಹಿಂದೆ ದಫೇದಾರ, ಅವನ ಹಿಂದೆ ಮತ್ತೊಬ್ಬ, ನೋಡಿದಷ್ಟು ದೂರ ಹಸಿರು ಹಿಂಡು. ಎಲ್ಲರೂ ಒಂದೇ ಗಳಿಗೆಗೆ ತಿರುಗುತ್ತಿದ್ದರು. ಅಷ್ಟು ಒಗ್ಗಟ್ಟಿನ ಹಿಂಡು ಆ ತೊಟ್ಟಿಯಲ್ಲಿ ಎಂದೂ ಇರಲಿಲ್ಲ.

ಫೋನು ಬಂತು. ಹಿಡಿದ. ಅವಳು ಹತ್ತಿರ ಎನ್ನಲಿಲ್ಲ, ಮೇಲೆ ಎನ್ನಲಿಲ್ಲ.

"ರೀ," ಎಂದಳು, "ಒಂದೇ ಉಳಿದಿದೆ ಅಲ್ವಾ?"

ಮೇಸ್ತ್ರಿ ಫೋನನ್ನು ತೊಟ್ಟಿಗೆ ಇನ್ನೂ ಸ್ವಲ್ಪ ಹತ್ತಿರ ಹಿಡಿದ.

"ಕನ್ನಡಿ ಅಂತ ಮೊದಲ್ನೇ ದಿನವೇ ಗೊತ್ತಾಯ್ತು. ಎಲ್ಲ ಮೀನಿಗೂ ಹಿಂದೊಂದು ಜೋಡಿ. ಆ ಜೋಡಿ ಹಿಂದೆ ನೀವು."

"ನಾನಾ?"

"ಇನ್ಯಾರು? ಫೋನ್ ಹಿಡ್ಕೊಂಡು, ನೀಲಿ ಬೆಳಕಲ್ಲಿ. ಅಲ್ರೀ, ಕನ್ನಡಿ ಕೊಯ್ಯೋರು ನೀವು. ಕನ್ನಡಿ ಎದುರು ನಿಂತ್ರೆ ನಿಂತೋರು ಕಾಣ್ತಾರೆ ಅಂತ ಹೊಳೀಲೇ ಇಲ್ವಾ ನಿಮಗೆ?" ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಬೇಕು ಅಂತ್ಲೇ ಇಟ್ಟಿದೀರಿ ಅಂದ್ಕೊಂಡೆ ಮೊದಲು. ಮುಖ ತೋರಿಸ್ತಿದಾರೆ ಅಂತ ಎಷ್ಟು ಖುಷಿಯಾಯ್ತು ಗೊತ್ತಾ. ಆಮೇಲೆ ನೋಡಿದ್ರೆ ನಿಮಗೆ ಗೊತ್ತೇ ಇಲ್ಲ. ಹೇಳಿದ್ರೆ ತೆಗೆದುಬಿಡ್ತೀರಿ ಅಂತ ಸುಮ್ನಿದ್ದೆ. ಮನೇಲಿದ್ದಾಗ ನೀವು ಒಂದು ದಿನವಾದ್ರೂ ನನ್ನ ಹಾಗೆ ನೋಡಿದ್ರಾ? ಫೋನಲ್ಲಿ ನೋಡ್ತಿದ್ರಿ. ಕಣ್ಣು ಮಿಟುಕಿಸ್ದೆ ನೋಡ್ತಿದ್ರಿ."

ಪರದೆಯ ಮೂಲೆಯಲ್ಲಿ ಬೆರಳಗಲದ ಇನ್ನೊಂದು ಚೌಕವಿರುತ್ತದೆ, ಇವನು ಕಳಿಸುತ್ತಿದ್ದ ಚಿತ್ರದ್ದು. ಮೇಸ್ತ್ರಿ ಇಷ್ಟು ದಿನ ಅದರ ಕಡೆ ನೋಡಿರಲಿಲ್ಲ. ಈಗ ನೋಡಿದ. ಹಸಿರು ಮೀನುಗಳ ನಡುವೆ ಗಡ್ಡ ಬಿಟ್ಟ, ಕೆನ್ನೆ ಒಳಗೆ ಹೋದ ಒಬ್ಬ ಮನುಷ್ಯ ನಿಂತಿದ್ದ. ವಯಸ್ಸಾದವನ ಹಾಗಿದ್ದ. ಯಾರಾದರೂ ಇವನನ್ನು ವಿಚಾರಿಸಿಕೊಳ್ಳಬಾರದೇ ಎನಿಸುವಂತಿದ್ದ.

"ಹೋದ ವಾರ ಏನು ಮಾಡ್ಲಿ ಅಂದಾಗ ಅಳ್ತಿದ್ರಿ," ಎಂದಳು ಅವಳು.

"ಇಲ್ಲ," ಎಂದ ಮೇಸ್ತ್ರಿ. ಸುಳ್ಳಲ್ಲ ಅದು, ಅವನಿಗೆ ಗೊತ್ತಿರಲಿಲ್ಲ.

"ಅಳ್ತಿದ್ರಿ. ಗದ್ದದವರೆಗೂ ಇಳೀತಿತ್ತು, ಒರೆಸ್ಕೊಳ್ಳೋಕೂ ಕೈ ಎತ್ಲಿಲ್ಲ. ಅಳ್ತಾ ಅಳ್ತಾನೇ ಮೀನು ಚೆನ್ನಾಗಿವೆ ಅಂದ್ರಿ. ಬಾ ಅಂತೀರೇನೋ ಅಂತ ಶುಕ್ರವಾರದವರೆಗೂ ಕಾದೆ ರೀ. ದಿನಾ ಫೋನ್ ತೆಗೆದು ತೆಗೆದು ನೋಡ್ದೆ. ಕನ್ನಡೀಲಿ ನಿಮ್ಮ ಮುಖ ನೋಡ್ಕೊಂಡು ಎಷ್ಟು ವರ್ಷ ಅಂತ ನಾನೇ ಅರ್ಥ ಮಾಡ್ಕೊಳ್ಳಿ? ಶುಕ್ರವಾರ ಸಂಜೆ ಬರೆದುಕೊಟ್ಟೆ. ಇಲ್ಲೇ ಇರ್ತೀನಿ."

ಆಯಿತು. ಯಾವುದನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಕನ್ನಡಿ ಕೊಯ್ದನೋ ಅದು ಶುಕ್ರವಾರವೇ ಮುಗಿದುಹೋಗಿತ್ತು. ಮೇಸ್ತ್ರಿ ತೊಟ್ಟಿಯ ಮುಂದೆ ನೆಲದ ಮೇಲೆ ಕೂತ. ಬಟ್ಟೆ ಸುತ್ತಿದ ಹೆಬ್ಬೆರಳು ಮಿಡಿಯುತ್ತಿತ್ತು. ಅದು ನೋಯುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಬುಧವಾರದಿಂದಲೇ ನೋಯುತ್ತಿದ್ದಿರಬೇಕು.

"ಇಡ್ಲಾ?" ಎಂದಳು ಅವಳು.

"ಇರು," ಎಂದ.

ಕ್ಯಾಮೆರಾ ತಿರುಗಿಸುವುದು ಹೇಗೆಂದು ಹುಡುಕಿ, ಎರಡು ಸಲ ತಪ್ಪು ಒತ್ತಿ, ಕಡೆಗೆ ತನ್ನ ಕಡೆ ತಿರುಗಿಸಿಕೊಂಡ. ಈಗ ಅವಳಿಗೂ ಅವನಿಗೂ ನಡುವೆ ಮೀನಿರಲಿಲ್ಲ, ನೀರಿರಲಿಲ್ಲ. ಬಾಯಿ ತೆರೆದ. ಬಾ ಎನ್ನಲು ಹೊರಟಿದ್ದ, ತಡವಾಗಿದ್ದರೂ. ಬಂದದ್ದು ಬೇರೆ.

"ಅಕ್ಕ ಸತ್ತುಹೋದ್ಳು ಕಣೇ," ಎಂದ.

ಹಳೆಯ ಸುದ್ದಿ. ಅವಳೇ ಎದೆಯ ಚಿತ್ರ ತೆಗೆದವಳು, ಕಡೆಯ ದಿನ ಹಾಸಿಗೆಯ ಪಕ್ಕ ಕೈ ಹಿಡಿದು ಕೂತಿದ್ದವಳು, ಇವನು ಕುರ್ಚಿ ಹಾಕಿಸುತ್ತಿದ್ದಾಗ ಒಳಗೆ ಒಬ್ಬಳೇ ಬಿಕ್ಕುತ್ತಿದ್ದವಳು. ಗೊತ್ತು ಎಂದು ಅವಳು ಅನ್ನಲಿಲ್ಲ. ಫೋನನ್ನು ಎಲ್ಲೋ ಒರಗಿಸಿಟ್ಟು, ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಳು.

"ಅಯ್ಯೋ," ಎಂದಳು. "ಯಾವಾಗ ರೀ? ಏನಾಗಿತ್ತು ಅಕ್ಕಂಗೆ?"

ಮೇಸ್ತ್ರಿ ಕೆಮ್ಮು ಶುರುವಾದ ದಿನದಿಂದ ಹೇಳತೊಡಗಿದ.